ಖರ್ಜದಲ್ಲಿ ಒಡೆದ ದನಿ

ನರಗುಂದದಲ್ಲಿ ಬರೀ ಉಡಚಪ್ಪ ಎಂದರೆ ಯಾವ ಉಡಚಪ್ಪ ಎಂದು ಕೇಳುತ್ತಿದ್ದರು. ಸ್ಪೀಕರ್ ಉಡಚಪ್ಪ ಎಂದರೆ ಯಾರೂ ಕೇಳುತ್ತಿರಲಿಲ್ಲ. ಏಕೀಕರಣದ ಆಚೀಚಿನ ವರ್ಷಗಳಲ್ಲಿ ಗುಡ್ಡದ ಕೆಳಗಿನ ಆ ಊರಿನಲ್ಲಿ ಸ್ವಂತದ ಸ್ಪೀಕರ್ ಸೆಟ್ಟು ಇದ್ದವನು ಅವನೊಬ್ಬನೇ. ಕಬ್ಬಿಣದ ಒಂದು ಪೆಟ್ಟಿಗೆ, ಅದರೊಳಗೆ ಕೆಂಪಗೆ ಹೊತ್ತಿಕೊಳ್ಳುವ ಗಾಜಿನ ವಾಲ್ವುಗಳು, ಒಂದು ಮೈಕು, ಅಗಲ ಬಾಯಿಯ ಎರಡು ಹಾರ್ನು, ಎತ್ತಿದರೆ ಸೊಂಟ ಹಿಡಿಯುವಂಥ ಮೋಟಾರು ಬ್ಯಾಟರಿ. ಇಷ್ಟನ್ನೂ ಬಸ್ಸಿನ ಮೇಲೆ ಹೇರಿಕೊಂಡು ರೋಣಕ್ಕೆ, ಗಜೇಂದ್ರಗಡಕ್ಕೆ, ನಡುವಿನ ಹಳ್ಳಿಗಳಿಗೆ ಮದುವೆ, ಭಾಷಣ, ಭಜನೆ ಎಂದು ಅವನು ತಿರುಗುತ್ತಿದ್ದ. ಬ್ಯಾಟರಿಯ ಆಸಿಡ್ ಸಿಡಿದು ಅವನ ಅಂಗಿಗಳಿಗೆಲ್ಲ ಜಾಳಿಗೆಯ ಹಾಗೆ ತೂತು ಬಿದ್ದಿದ್ದವು. ಹೊಸ ಅಂಗಿ ಹೊಲಿಸಿದರೂ ಒಂದು ವಾರಕ್ಕೆ ಅದೇ ಗತಿ.

ಹುಟ್ಟಿದ್ದು ಮೆಣಸಗಿಯಲ್ಲಿ. ಚಿಕ್ಕವನಿದ್ದಾಗ ಮಲಪ್ರಭೆ ಏರಿ ಬಂದು ಮನೆಯ ಗೋಡೆಗಳನ್ನು ಕೆಡವಿದ ಮೇಲೆ ಅವ್ವ ಅಪ್ಪ ಅವನನ್ನು ಕರೆದುಕೊಂಡು ನರಗುಂದದ ಪೇಟೆಗೆ ಹಮಾಲಿಗೆ ಬಂದರು. ಅವನೂ ಚೀಲ ಹೊತ್ತ. ಒಮ್ಮೆ ಕಾಳಿನ ಗಾಡಿಯ ಸಂಗಡ ಗಜೇಂದ್ರಗಡಕ್ಕೆ ಹೋದಾಗ, ಯಾರದೋ ಮಾಳಿಗೆಯ ಮೇಲಿನ ಹಾರ್ನಿನಿಂದ ಮನುಷ್ಯನ ದನಿ ಊರ ಮೇಲೆಲ್ಲ ಬಿದ್ದದ್ದನ್ನು ಕೇಳಿ, ಗಾಡಿ ಬಿಟ್ಟು ಆ ದನಿಯ ಬೆನ್ನು ಹತ್ತಿ ಹೋದ. ಅದು ಮಹಮ್ಮದಸಾಬನ ಸೆಟ್ಟು. ರೇಡಿಯೊ, ಗ್ರಾಮೊಫೋನು, ಸ್ಪೀಕರು ಏನು ಕೆಟ್ಟರೂ ಬಿಚ್ಚಿ ಹೂಡಿ ಕೊಡುವ ಉಸ್ತಾದ ಅವನು. ಉಡಚಪ್ಪ ಅವನ ಅಂಗಡಿಯಲ್ಲೇ ಉಳಿದ, ಕೆಲಸ ಕಲಿತ. ಉಸ್ತಾದ ಹೊಸ ಸೆಟ್ಟು ತರಿಸಿದಾಗ ಹಳೆಯದು ಶಿಷ್ಯನ ಪಾಲಿಗೆ ಬಂತು.

ಸೆಟ್ಟು ಬಂದ ಮೇಲೆ ಹೆಣ್ಣು ಬಂತು. ಯಾವಗಲ್ ಊರಿನ ಸಣ್ಣವ್ವ. ಎತ್ತರದ ಆಳು, ಮಾತು ಕಡಿಮೆ, ನಗೆ ಅದಕ್ಕಿಂತ ಕಡಿಮೆ. ಉಡಚಪ್ಪನಿಗೆ ಅವಳ ಮೇಲೆ ಹುಚ್ಚು ಪ್ರೀತಿ ಇತ್ತು. ಅದನ್ನು ಹೇಳುವ ಬಗೆ ಮಾತ್ರ ಅವನಿಗೆ ಗೊತ್ತಿರಲಿಲ್ಲ. ರೋಣದ ಮದುವೆಯಲ್ಲಿ ಯಾರು ಏನೆಂದರು, ಭಾಷಣಕ್ಕೆ ಎಷ್ಟು ಮಂದಿ ಸೇರಿದ್ದರು, ಹಾರ್ನಿನ ದನಿ ಎಲ್ಲಿಯವರೆಗೆ ಮುಟ್ಟಿತು ಎಂದು ಊಟಕ್ಕೆ ಕೂತಾಗ ಒಂದೇ ಸಮನೆ ಹೇಳುತ್ತಿದ್ದ. ಅವಳು ಹೂಂ ಅನ್ನುತ್ತ ರೊಟ್ಟಿ ಬಡಿಯುತ್ತಿದ್ದಳು. ಹೂಂ ಅನ್ನುವುದು ನಿಂತರೆ ಇವನೂ ಮಾತು ನಿಲ್ಲಿಸುತ್ತಿದ್ದ.

ಸಣ್ಣವ್ವ ಪೇಟೆಯಲ್ಲಿ, ರೈತರ ಕಾಳನ್ನು ದಲಾಲಿಯ ಮೇಲೆ ಮಾರಿಕೊಡುವ ಪ್ರಭುಲಿಂಗಪ್ಪನ ಅಡತಿ ಅಂಗಡಿಗೆ ಕಾಳು ಹಸನು ಮಾಡಲು ಹೋಗುತ್ತಿದ್ದಳು. ಪ್ರಭುಲಿಂಗಪ್ಪ ತಲೆಮಾರಿನಿಂದ ಹೊಲಮನೆ, ವ್ಯಾಪಾರ ಎರಡೂ ಇದ್ದ ಮನೆತನದವನು. ಉಡಚಪ್ಪನಿಗಿಂತ ನಾಲ್ಕಾರು ವರ್ಷ ದೊಡ್ಡವನಿರಬೇಕು. ಅವನಿಗೆ ಹಾಡುವ ಹುಚ್ಚು. ಧಾರವಾಡದ ಕಡೆ ಯಾರೋ ಗವಾಯಿಗಳ ಹತ್ತಿರ ಕೆಲವು ಕಾಲ ಕಲಿತು ಬಂದಿದ್ದ. ಅವನ ದನಿ ಮೇಲೆ ಹೋಗುವುದಕ್ಕಿಂತ ಕೆಳಗೆ ಇಳಿಯುವುದರಲ್ಲಿ ಚಂದ. ಗವಾಯಿಗಳು ಖರ್ಜ ಅನ್ನುತ್ತಾರಲ್ಲ, ಆ ತಗ್ಗಿನ ಸ್ವರಕ್ಕೆ ಅವನು ಇಳಿದು ನಿಂತನೆಂದರೆ ಕೇಳುವವರ ಎದೆಗೂಡಿನೊಳಗೆ ಏನೋ ನಡುಗುತ್ತಿತ್ತು. ತಕ್ಕಡಿಯ ಮುಂದೆ ಕೂತಾಗಲೂ ಗುನುಗುತ್ತಿದ್ದ.

ಒಂದು ದಿನ ಸಂಜೆ ಉಡಚಪ್ಪ ಎಂದಿನಂತೆ ಗಜೇಂದ್ರಗಡದ ಸುದ್ದಿ ಹೇಳುತ್ತಿದ್ದಾಗ, ಅವನು ಏನೂ ಕೇಳದಿದ್ದರೂ ಸಣ್ಣವ್ವ ಬಾಯಿ ಬಿಟ್ಟಳು.

“ನಮ್ಮ ಸಾವಕಾರ್ರು ಇವತ್ತ ಹಾಡಿದ್ರು ನೋಡ್ರಿ. ಚೀಲದಾಗಿನ ಕಾಳೂ ಕೇಳಾಕತ್ತಾವೇನೋ ಅನಿಸ್ತು.”

ಅಷ್ಟೇ ಹೇಳಿದ್ದು. ಮದುವೆಯಾದಂದಿನಿಂದ ಅವಳು ತಾನಾಗಿ ಹೇಳಿದ ಮಾತುಗಳು ಕಡಿಮೆ. ಅದರಲ್ಲಿ ಒಂದು ಹೀಗೆ ಬೇರೆಯವನ ದನಿಗೆ ಹೋಯಿತು. ಉಡಚಪ್ಪ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದ. ಅವನ ಸ್ವಂತ ದನಿ ಸೀಳಿದ ಬಿದಿರಿನಂಥದು. ಊರಿನವರೆಲ್ಲರ ದನಿಯನ್ನು ದೊಡ್ಡದು ಮಾಡುವವನಿಗೆ ದೊಡ್ಡದು ಮಾಡುವಂಥ ದನಿ ತನ್ನದಲ್ಲ ಎಂಬುದು ಮೊದಲೇ ಗೊತ್ತಿತ್ತು. ಅದು ಚುಚ್ಚಿದ್ದು ಮಾತ್ರ ಅಂದೇ.

ಆ ದಿನದಿಂದ ಅವನು ಪೇಟೆಯ ಹಾದಿ ಹಿಡಿದಾಗಲೆಲ್ಲ ಅಡತಿ ಅಂಗಡಿಯ ಮುಂದೆ ಕಾಲು ನಿಧಾನ ಮಾಡುತ್ತಿದ್ದ. ಒಳಗೆ ಹೆಂಗಸರ ಸಾಲು, ಮೊರಗಳ ಸಪ್ಪಳ, ದೂಳು. ಸಣ್ಣವ್ವ ತಲೆ ಬಗ್ಗಿಸಿಕೊಂಡು ಕೇರುತ್ತಿದ್ದಳು. ಪ್ರಭುಲಿಂಗಪ್ಪ ತನ್ನ ಪಾಡಿಗೆ ತಾನು ಗುನುಗುತ್ತಿದ್ದ. ನೋಡಬಾರದ್ದು ಏನೂ ಕಣ್ಣಿಗೆ ಬೀಳಲಿಲ್ಲ. ಅದು ಅವನಿಗೆ ಸಮಾಧಾನ ಕೊಡಲೂ ಇಲ್ಲ. ಏನಾದರೂ ಕಂಡಿದ್ದರೆ ಜಗಳಕ್ಕಾದರೂ ಒಂದು ದಾರಿ ಇರುತ್ತಿತ್ತು. ಅವಳ ಕೈ ನಿಂತಿದೆಯೇ, ಕಿವಿ ಆ ಕಡೆ ತಿರುಗಿದೆಯೇ ಎಂದು ನೋಡುವುದೇ ಅವನ ಕೆಲಸವಾಯಿತು.

ಆ ವರ್ಷ ಶ್ರಾವಣದಲ್ಲಿ ಊರಿನ ಮಠದಲ್ಲಿ ತಿಂಗಳ ಪುರಾಣ ಇಟ್ಟರು. ಹೊತ್ತು ಮುಳುಗುವ ಹೊತ್ತಿಗೆ ಶುರುವಾಗಿ ಊಟದ ವೇಳೆಗೆ ಮುಗಿಯುವಂಥದು. ಬಾಗಲಕೋಟೆ ಕಡೆಯಿಂದ ಬಂದ ಪುರಾಣಿಕರು ಹೇಳುವುದು, ನಡುನಡುವೆ ಪ್ರಭುಲಿಂಗಪ್ಪ ವಚನ ಹಾಡುವುದು, ಉಡಚಪ್ಪನ ಸೆಟ್ಟು ಎಂದು ಗೊತ್ತಾಯಿತು. ಮಠದ ಉಸ್ತುವಾರಿ ನೋಡುತ್ತಿದ್ದ ಅಜ್ಜಪ್ಪ ಮನೆಗೆ ಬಂದು ಅಡಿಕೆ ಎಲೆ ಕೊಟ್ಟು ಹೋದ. ಬೇಡ ಅನ್ನಲು ಉಡಚಪ್ಪನಿಗೆ ಬಾಯಿ ಬರಲಿಲ್ಲ.

ಮಠದ ಸಭಾಮಂಟಪದ ನಡುವೆ ಹಲಗೆ ಹೊಂದಿಸಿ ಮೊಣಕಾಲೆತ್ತರದ ಅಟ್ಟ ಮಾಡಿದ್ದರು. ಅದರ ಮೇಲೆ ಒಂದು ಕಡೆ ಪುರಾಣಿಕರ ಗಾದಿ. ಇನ್ನೊಂದು ಕಡೆ ಪ್ರಭುಲಿಂಗಪ್ಪ, ಹಾರ್ಮೋನಿಯಂ, ತಬಲಾ. ಗಂಡಸರು ಎದುರಿಗೆ, ಹೆಂಗಸರು ಬಲಕ್ಕೆ. ಎಡಗೋಡೆಗೆ ಹತ್ತಿ ಒಂದು ಕಲ್ಲಿನ ಕಟ್ಟೆ ಇತ್ತು. ಅದರ ಮೇಲಿನ ಕಿಟಕಿಯಿಂದ ತಂತಿ ಮಾಳಿಗೆಯ ಹಾರ್ನುಗಳಿಗೆ ಹೋಗುತ್ತಿದ್ದರಿಂದ ಉಡಚಪ್ಪ ಪೆಟ್ಟಿಗೆಯನ್ನು ಆ ಕಟ್ಟೆಯ ಮೇಲೆ ಹೂಡಿದ. ಮೊದಲ ದಿನಗಳು ಸುಸೂತ್ರವಾಗಿ ನಡೆದವು. ಪ್ರಭುಲಿಂಗಪ್ಪ ಖರ್ಜಕ್ಕೆ ಇಳಿದಾಗ ಮಂದಿಯಲ್ಲಿ ಕೆಮ್ಮು ಕೂಡ ಕೇಳಲಿಲ್ಲ.

ಆಮೇಲೆ ಒಂದು ಸಂಜೆ ಸಣ್ಣವ್ವ ಬಂದಳು. ಮಗ್ಗುಲ ಮನೆಯ ಶರೀಫಾಬಿ, ಊರೆಲ್ಲ ಹೊಗಳುತ್ತದೆ, ನೀನೂ ಒಂದು ದಿನ ಕೇಳಿ ಬಾ ಎಂದು ಅವಳನ್ನು ಎಬ್ಬಿಸಿ ಕಳಿಸಿದ್ದಳು. ಅಂದು ಪುರಾಣಿಕರ ಮಾತು ಹಾರ್ನಿನಲ್ಲಿ ಗಂಟೆಯ ಹಾಗೆ ಬಂತು. ಪ್ರಭುಲಿಂಗಪ್ಪ ಹಾಡತೊಡಗಿ, ಮೆಲ್ಲಗೆ ಕೆಳಗಿಳಿಯುತ್ತ ಖರ್ಜಕ್ಕೆ ಬಂದದ್ದೇ ದನಿ ಒಡೆಯಿತು. ಒಡೆದ ಗಡಿಗೆಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಗರಗರ ಸಪ್ಪಳ. ಮೇಲಿನ ಸ್ವರಕ್ಕೆ ಹೋದರೆ ಸರಿ, ತಗ್ಗಿಗೆ ಬಂದರೆ ಮತ್ತೆ ಗರಗರ. ಮಂದಿ ಮುಖ ಮುಖ ನೋಡಿಕೊಂಡರು. ಹಿಂದೆ ಯಾರೋ ನಕ್ಕರು.

ಉಡಚಪ್ಪ ಗುಂಡಿ ತಿರುವಿದ, ತಂತಿ ಒತ್ತಿ ನೋಡಿದ. ಅವನ ಕೈ ಕೆಲಸ ಮಾಡುತ್ತಿತ್ತು, ಒಳಗೆ ಮಾತ್ರ ತಂಪಾಗಿತ್ತು. ಸಣ್ಣವ್ವ ಕೇಳಲು ಬಂದ ದಿನವೇ ಆ ದನಿ ಹೀಗಾಗಬೇಕೇ! ಅವಳ ಮುಖದ ಮೇಲೆ ನಿರಾಸೆ ಕಂಡಿತು. ಅದನ್ನು ನೋಡಿ ಅವನಿಗೆ ಹಿಗ್ಗಾಯಿತು. ಆ ಹಿಗ್ಗಿನ ಹಿಂದೆಯೇ ನಾಚಿಕೆಯೂ ಬಂತು, ಆದರೆ ಹಿಗ್ಗು ಮೊದಲು ಬಂದಿತ್ತು.

ಮರುದಿನ ಬೆಳಿಗ್ಗೆ ಮೈಕು ಬಿಚ್ಚಿ ಒರೆಸಿದ. ಅಂದು ಸಂಜೆ ದನಿ ಶುದ್ಧವಾಗಿ ಬಂತು. ಮೈಕಿನಲ್ಲೇ ದೋಷವಿತ್ತು ಎಂದುಕೊಂಡ. ಎರಡು ದಿನ ಬಿಟ್ಟು ಮತ್ತೆ ಒಡೆಯಿತು. ಹಾರ್ನು ಇಳಿಸಿ, ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದ. ಮರುದಿನ ಸರಿ, ಅದರ ಮರುದಿನವೂ ಸರಿ, ಆಮೇಲೆ ಒಡೆಯಿತು. ಮಳೆಯ ತಂಪಿಗೆ ತಂತಿ ಹಸಿಯಾಗಿರಬಹುದೆಂದು ತಂತಿಯನ್ನೇ ಬದಲಿಸಿದ. ಬ್ಯಾಟರಿಯ ಕಾಲಿಗೆ ಹಿಡಿದ ಹಸಿರು ಕಿಲುಬನ್ನು ಬಿಸಿನೀರಿನಿಂದ ತೊಳೆದು, ಹತ್ತಿ ಹಿಂಜುವ ಜಿನ್ನಿನ ಎಂಜಿನ್ನಿನ ಹತ್ತಿರ ಒಯ್ದು ಪೂರ್ತಿ ಚಾರ್ಜು ಮಾಡಿಸಿ ತಂದ. ಏನು ಮಾಡಿದರೂ ಒಂದೆರಡು ದಿನ ಸುಮ್ಮನಿದ್ದು ದೋಷ ಮತ್ತೆ ತಲೆ ಎತ್ತುತ್ತಿತ್ತು. ಅದೂ ಪುರಾಣಿಕರ ಮಾತಿಗಲ್ಲ, ಹಾರ್ಮೋನಿಯಮ್ಮಿಗಲ್ಲ. ಪ್ರಭುಲಿಂಗಪ್ಪನ ಖರ್ಜಕ್ಕೆ ಮಾತ್ರ.

ಊರು ಸುಮ್ಮನಿರುತ್ತದೆಯೇ. ಉಡಚಪ್ಪ ಅಡತಿ ಅಂಗಡಿಯ ಮುಂದೆ ಕಾಲು ನಿಧಾನ ಮಾಡುವುದನ್ನು ನೋಡಿದ ಕಣ್ಣುಗಳಿದ್ದವು. ಸಾವಕಾರರ ಹಾಡು ಕೆಡಿಸಲಿಕ್ಕೆ ಇವನೇ ಗುಂಡಿ ತಿರುವುತ್ತಾನೆ ಎಂದು ಒಬ್ಬ ಆಡಿದ, ಹತ್ತು ಮಂದಿ ನಂಬಿದರು. ಅಜ್ಜಪ್ಪ ಒಂದು ಮಧ್ಯಾಹ್ನ ಬಂದು, ನೆಟ್ಟಗೆ ಮಾಡಿಕೊಳ್ಳದಿದ್ದರೆ ಗದಗಿನಿಂದ ಬೇರೆ ಸೆಟ್ಟು ತರಿಸುವುದಾಗಿ ಪಂಚರು ಅನ್ನುತ್ತಾರೆ ಎಂದು ತಿಳಿಸಿದ. ಪ್ರಭುಲಿಂಗಪ್ಪ ಮಾತ್ರ, ಅದು ಯಂತ್ರ, ಯಂತ್ರ ಕೆಡುತ್ತದೆ, ಅವನಿಗೆ ಯಾಕೆ ಅನ್ನುತ್ತೀರಿ ಎಂದು ಎಲ್ಲರೆದುರು ಉಡಚಪ್ಪನ ಪರ ಮಾತಾಡಿದ್ದನಂತೆ. ಇದನ್ನು ಕೇಳಿ ಉಡಚಪ್ಪನಿಗೆ ಮೈಯೆಲ್ಲ ಉರಿಯಿತು. ದನಿಯೂ ಅವನದೇ, ದೊಡ್ಡ ಮನಸ್ಸೂ ಅವನದೇ. ತನಗೇನು ಉಳಿಯಿತು?

ಪೆಟ್ಟಿಗೆ ಹೊತ್ತು ಗಜೇಂದ್ರಗಡದ ಬಸ್ಸು ಹತ್ತಿದ. ಮಹಮ್ಮದಸಾಬ ಅದನ್ನು ಅಂಗಡಿಯ ಕಡಪಾ ಕಲ್ಲಿನ ಮೇಲಿಟ್ಟು ಬಹಳ ಹೊತ್ತು ನುಡಿಸಿದ, ತಾನೇ ತಗ್ಗಿನ ದನಿಯಲ್ಲಿ ಹಾಡಿದ, ಮಗನಿಂದ ಹಾಡಿಸಿದ. ಗರಗರ ಬರಲಿಲ್ಲ. ಪೆಟ್ಟಿಗೆಯಲ್ಲಿ ತನಗೇನೂ ಕಾಣುವುದಿಲ್ಲ ಎಂದು ಮುಚ್ಚಳ ಹಾಕಿ, ಹೊರಡುವಾಗ ಒಂದು ಮಾತು ಹೇಳಿದ.

“ಕೆಟ್ಟ ದಿನಾ ಹ್ಯಾಂಗಿತ್ತೋ ಹಂಗ ಎಲ್ಲಾ ಇಡು. ಆಮ್ಯಾಲ ಒಂದೊಂದ ಬದ್ಲಿ ಮಾಡು. ಎರಡು ಕೂಡೆ ಮುಟ್ಟಿದ್ಯೋ, ನಿನಗ ಎಂದೂ ಸಿಗೂದಿಲ್ಲ.”

ಉಡಚಪ್ಪ ಬರುವಾಗ ಬಸ್ಸಿನಲ್ಲಿ ಇದನ್ನೇ ತಲೆಯಲ್ಲಿ ತಿರುವಿಕೊಂಡ. ಕೆಟ್ಟ ದಿನ ಹೇಗಿತ್ತು? ಮಳೆ ಇದ್ದ ದಿನವೂ ಸರಿ ಬಂದಿದೆ, ಬಿಸಿಲಿದ್ದ ದಿನವೂ ಕೆಟ್ಟಿದೆ. ಅಮಾವಾಸ್ಯೆ ನೋಡಿದ, ಸೋಮವಾರ ನೋಡಿದ. ಏನೂ ಹೊಂದಲಿಲ್ಲ.

ಅದನ್ನು ಹೊಂದಿಸಿಕೊಟ್ಟವಳು ಸಣ್ಣವ್ವ. ಮನೆಗೆ ಬಂದಾಗ ಒಲೆ ಹೊತ್ತಿರಲಿಲ್ಲ. ಅವಳು ಹೊಸ್ತಿಲ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಆ ದಿನ ಶರೀಫಾಬಿ ಅವಳಿಗೆ ಊರ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದಳು. ಕಾಳು ಹಸನು ಮಾಡುವ ಹೆಂಗಸರು ಇವಳು ಬಂದರೆ ಮಾತು ನಿಲ್ಲಿಸುತ್ತಿದ್ದದ್ದು ಯಾಕೆ ಎಂದು ಅವಳಿಗೆ ಆಗ ತಿಳಿದಿತ್ತು.

“ನಾ ಬಂದ ದಿನಾ ಅಷ್ಟ ಒಡಿತೈತಿ,” ಅಂದಳು. “ನಾ ಮನ್ಯಾಗ ಇದ್ದ ದಿನಾ ಇಲ್ಲೀತನಕಾ ಚಲೋ ಕೇಳತೈತಿ. ನೀವ ಮಾಡಾಕತ್ತೀರೇನ್ರಿ?”

ಉಡಚಪ್ಪ ನಿಂತಲ್ಲೇ ಬೆರಳು ಮಡಚಿದ. ಲೆಕ್ಕ ಹಾಕಿದ. ಮೊದಲ ಸಲ ಒಡೆದದ್ದು ಅವಳು ಬಂದ ದಿನ. ಆಮೇಲೆ ಓಣಿಯ ಹೆಂಗಸರ ಜೊತೆ ಬಂದಳು, ಅಂದೂ ಒಡೆಯಿತು. ಯಾವಗಲ್ಲಿನಿಂದ ಅವಳ ತಂಗಿ ಬಂದಾಗ ಇಬ್ಬರೂ ಬಂದಿದ್ದರು, ಅಂದೂ ಒಡೆಯಿತು. ಮಿಕ್ಕ ಸಲವೂ ಅವಳು ಬಂದೇ ಇದ್ದಳು. ಅವಳು ಬಾರದ ದಿನ ಒಮ್ಮೆಯೂ ಇಲ್ಲ. 

ತಾಯಿಯ ಮೇಲೆ ಆಣೆ ಮಾಡಿ, ತಾನು ಮಾಡಿಲ್ಲ ಅಂದ. ಬೇಕಾದರೆ ಪೆಟ್ಟಿಗೆ ಮುಟ್ಟಿ ಆಣೆ ಮಾಡುತ್ತೇನೆ ಅಂದ. ಸಣ್ಣವ್ವ ನಂಬಿದಳೋ ಇಲ್ಲವೋ ಅವಳ ಮುಖದಿಂದ ಗೊತ್ತಾಗಲಿಲ್ಲ. ಹಾಗಿದ್ದರೆ ನಾಳೆ ಹಗಲು ಹೊತ್ತಿನಲ್ಲಿ ಮಠದಲ್ಲಿ ಹಾಡಿಸಿ ನೋಡಿರಿ, ನಾನೂ ಬರುತ್ತೇನೆ, ನಾನು ಬಂದದ್ದಕ್ಕೇ ಒಡೆಯುತ್ತದೋ ನೋಡೋಣ ಎಂದು ಎದ್ದು ಒಲೆ ಹೊತ್ತಿಸಲು ಹೋದಳು.

ಮರುದಿನ ಉಡಚಪ್ಪ ಅಡತಿ ಅಂಗಡಿಗೆ ಹೋದ. ಅಷ್ಟು ದಿನ ಹೊರಗಿನಿಂದ ನೋಡಿದ ಅಂಗಡಿಯೊಳಗೆ ಅಂದು ಕಾಲಿಟ್ಟ. ಸೆಟ್ಟು ಪರೀಕ್ಷೆ ಮಾಡಬೇಕಾಗಿದೆ, ಸ್ವಲ್ಪ ಹೊತ್ತು ಬಂದು ಹಾಡಬೇಕು ಎಂದು ನೆಲ ನೋಡುತ್ತ ಕೇಳಿಕೊಂಡ. ಪ್ರಭುಲಿಂಗಪ್ಪ ಯಾಕೆಂದು ಕೇಳಲಿಲ್ಲ, ತಕ್ಕಡಿಯ ಮುಂದೆ ತಮ್ಮನನ್ನು ಕೂರಿಸಿ ಆಗಲೇ ಹೆಗಲ ಮೇಲೆ ವಲ್ಲಿ ಹಾಕಿಕೊಂಡು ಹೊರಟ.

ಬಿಸಿಲು ಬಿದ್ದ ಮಂಟಪದಲ್ಲಿ ನಾಲ್ಕೇ ಜನ. ಅಟ್ಟದ ಮೇಲೆ ಪ್ರಭುಲಿಂಗಪ್ಪ, ಹೆಂಗಸರ ಕಡೆ ಗೋಡೆಗೆ ಒರಗಿ ಸಣ್ಣವ್ವ, ಬಾಗಿಲಲ್ಲಿ ಅಜ್ಜಪ್ಪ, ಎಡಗೋಡೆಯ ಕಲ್ಲುಕಟ್ಟೆಯ ಮೇಲೆ ಪೆಟ್ಟಿಗೆ ಹೂಡಿಕೊಂಡು ಉಡಚಪ್ಪ. ಪ್ರಭುಲಿಂಗಪ್ಪ ಹಾಡಿದ. ಇಳಿದ, ಇನ್ನೂ ಇಳಿದ, ಖರ್ಜದಲ್ಲಿ ನಿಂತ. ಹಾರ್ನಿನಲ್ಲಿ ದನಿ ಎಣ್ಣೆ ಸುರಿದ ಹಾಗೆ ಬಂತು. ಸಣ್ಣವ್ವ ಎದುರಿಗೇ ಇದ್ದಳು, ಏನೂ ಒಡೆಯಲಿಲ್ಲ. ಮತ್ತೊಮ್ಮೆ ಹಾಡಿಸಿದ. ಒಡೆಯಲಿಲ್ಲ.

ಸಣ್ಣವ್ವ ಗಂಡನ ಕಡೆ ನೋಡಿದಳು. ನಡುವೆ ದಪ್ಪ ಕಂಬ ಅಡ್ಡ ಇದ್ದದ್ದರಿಂದ ಅವಳಿಗೆ ಅವನ ಮುಖ ಕಾಣಲಿಲ್ಲ, ಅವನಿಗೆ ಅವಳದು ಕಾಣಲಿಲ್ಲ.

ಆಗ ಉಡಚಪ್ಪನಿಗೆ ಹೊಳೆಯಿತು. ಅವಳು ಪುರಾಣಕ್ಕೆ ಬಂದ ದಿನಗಳಲ್ಲಿ ಅವನು ಈ ಕಲ್ಲುಕಟ್ಟೆಯ ಮೇಲೆ ಕೂತಿರಲೇ ಇಲ್ಲ. ಅವಳು ಒಳಗೆ ಬಂದದ್ದು ಕಂಡೊಡನೆ, ಇಲ್ಲಿಂದ ಕಂಬ ಅಡ್ಡವಾಗುತ್ತದೆಂದು, ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ ಹಲಗೆಯ ಅಟ್ಟದ ಹಿಂದಿನ ಮೂಲೆಯಲ್ಲಿ ಇಟ್ಟುಕೊಂಡು ಕೂರುತ್ತಿದ್ದ. ಅಲ್ಲಿಂದ ಹೆಂಗಸರ ಸಾಲು ಪೂರ್ತಿ ಕಾಣುತ್ತಿತ್ತು. ಖರ್ಜಕ್ಕೆ ಅವಳ ಮುಖ ಹೇಗಾಗುತ್ತದೆ ಎಂಬುದು ಕಾಣುತ್ತಿತ್ತು.

ಕೆಟ್ಟ ದಿನ ಹೇಗಿತ್ತೋ ಹಾಗೆ ಇಡು ಎಂದು ಉಸ್ತಾದ ಹೇಳಿದ್ದ. ಉಡಚಪ್ಪ ಪೆಟ್ಟಿಗೆಯ ಮೇಲೆ ಕೈಯಿಟ್ಟ. ಎತ್ತದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಇಂದಿನಿಂದ ಕಲ್ಲುಕಟ್ಟೆ ಬಿಟ್ಟು ಏಳದಿದ್ದರಾಯಿತು, ದೋಷ ತಾನಾಗಿ ಹೋಯಿತು ಎಂದರಾಯಿತು. ಆದರೆ ಅವನು ಹೇಳಿದ್ದನ್ನು ಊರು ನಂಬುವುದಿಲ್ಲ, ಅದಕ್ಕಿಂತ ಹೆಚ್ಚಾಗಿ ಸಣ್ಣವ್ವ ನಂಬುವುದಿಲ್ಲ. ಬೇಕೆಂದಾಗ ಒಡೆದ, ಬೇಡವೆಂದಾಗ ಬಿಟ್ಟ ಎಂದೇ ಆಗುತ್ತದೆ. ಅವನು ಎದ್ದು ಪೆಟ್ಟಿಗೆ ಎತ್ತಿಕೊಂಡ. ತಂದು ಅಟ್ಟದ ಮೂಲೆಯ ಹಲಗೆಯ ಮೇಲಿಟ್ಟ.

ಈಗೊಮ್ಮೆ ಹಾಡಿರಿ ಎಂದ.

ಪ್ರಭುಲಿಂಗಪ್ಪ ಕಣ್ಣು ಮುಚ್ಚಿ ಇಳಿದ. ತಗ್ಗಿನ ಸ್ವರದಲ್ಲಿ ನಿಲ್ಲುವಾಗ ಅಂಗೈಯಿಂದ ಹಲಗೆಯ ಮೇಲೆ ತಾಳ ಹಾಕುವುದು ಅವನ ರೂಢಿ. ಅಂಗೈ ಬಿತ್ತು, ಹಾರ್ನು ಗರಗರ ಅಂದಿತು. ಅವನು ಬೆಚ್ಚಿ ಹಾಡು ನಿಲ್ಲಿಸಿದ. ಉಡಚಪ್ಪ ಬಗ್ಗಿ, ಹಾಡಿಲ್ಲದೆ ಬರೀ ಹಲಗೆಯ ಮೇಲೆ ತನ್ನ ಮುಷ್ಟಿಯಿಂದ ಬಡಿದ. ಮಾಳಿಗೆಯ ಮೇಲಿನಿಂದ ಅದೇ ಗರಗರ ಬಂತು. ಮತ್ತೆ ಬಡಿದ, ಮತ್ತೆ ಬಂತು. ಒಡೆಯುತ್ತಿದ್ದದ್ದು ದನಿಯಲ್ಲ. ಹಲಗೆ ನಡುಗಿದರೆ ಪೆಟ್ಟಿಗೆಯೊಳಗೆ ಏನೋ ಅಲ್ಲಾಡುತ್ತಿತ್ತು. ಖರ್ಜದ ಹೊತ್ತಿಗೆ ಸಾವಕಾರನ ಅಂಗೈ, ತಬಲಾದವನ ಎಡಗೈ ಎರಡೂ ಜೋರಾಗಿ ಬೀಳುತ್ತಿದ್ದವು. ಪುರಾಣಿಕರು ಮೈ ಅಲ್ಲಾಡಿಸದೆ ಗಾದಿಯ ಮೇಲೆ ಕೂತು ಹೇಳುವವರು. ಅವರ ಮಾತು ಒಡೆಯುವುದಾದರೂ ಹೇಗೆ?

ಅಜ್ಜಪ್ಪನಿಗೆ ಇದು ಬಹಳ ಸೋಜಿಗವೆನಿಸಿತು. ಹತ್ತಿರ ಬಂದು ಹಲಗೆ ತಟ್ಟಿ ನೋಡಿ, ತಲೆ ಕೆರೆದುಕೊಂಡು ಕೇಳಿದ.

“ಅಲ್ಲೋ ಉಡಚಪ್ಪಾ, ಕಲ್ಲಿನ ಕಟ್ಟಿ ಇದ್ದದ್ದ ಚಲೋ ಇತ್ತಲ್ಲ. ಇಲ್ಲಿ ಯಾಕ ತರತಿದ್ದಿ?”

ಮುದುಕ ಕೆಟ್ಟ ಮನಸ್ಸಿನಿಂದ ಕೇಳಿರಲಿಲ್ಲ. ತಂತಿ ಗಿಡ್ಡ ಬೀಳುತ್ತದೆ ಎಂದೋ, ಅಲ್ಲಿ ಮಳೆಯ ಇರಚಲು ಹೊಡೆಯುತ್ತದೆ ಎಂದೋ ಏನಾದರೂ ಅನ್ನಬಹುದಿತ್ತು. ಉಡಚಪ್ಪ ಹಾಗೆ ಅನ್ನಲು ಬಾಯಿ ತೆರೆದೂ ಇದ್ದ. ಗೋಡೆಗೆ ಒರಗಿದ ಸಣ್ಣವ್ವ ಅವನನ್ನೇ ನೋಡುತ್ತಿದ್ದಳು. ಅಟ್ಟದ ಈ ಮೂಲೆಯಿಂದ ಅವಳ ಮುಖ ಸ್ಪಷ್ಟ ಕಾಣುತ್ತಿತ್ತು.

“ಇಲ್ಲಿಂದ ಹೆಣ್ಮಕ್ಕಳ ಕಡೆ ಕಾಣತೈತಿ, ಕಾಕಾ,” ಅಂದ. “ಈಕಿ ಬಂದ ದಿನಾ ಇಲ್ಲಿ ಕುಂದರತಿದ್ನಿ.”

 ಅಜ್ಜಪ್ಪನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಅವನು ಸಗಣಿ ಬಳಿಯುವವಳನ್ನು ಕೂಗುತ್ತ ಹಿತ್ತಲ ಕಡೆ ಹೋದ. ಪ್ರಭುಲಿಂಗಪ್ಪ ಅಂಗೈ ನೋಡಿಕೊಂಡ. ಅವನ ಮುಖ ಕೆಂಪಾಗಿತ್ತು. ತನ್ನ ಹಾಡನ್ನು ಯಾರು ಹೇಗೆ ಕೇಳುತ್ತಾರೆ ಎಂದು ಅವನು ಎಂದಾದರೂ ಯೋಚಿಸಿದ್ದನೋ ಇಲ್ಲವೋ. ಅಂಗಡಿಯಲ್ಲಿ ಗಿರಾಕಿಗಳು ಕಾದಿದ್ದಾರೆ ಎಂದು ಹೇಳಿ ವಲ್ಲಿ ಸರಿಪಡಿಸಿಕೊಂಡು ಹೊರಟುಹೋದ. ಸಣ್ಣವ್ವ ಎದ್ದು ಸೆರಗು ಝಾಡಿಸಿ, ಗಂಡನ ಹತ್ತಿರವೂ ಬಾರದೆ, ಮನೆಯ ಹಾದಿ ಹಿಡಿದಳು.

ಒಬ್ಬನೇ ಉಳಿದ ಉಡಚಪ್ಪ ಮುಚ್ಚಳ ತೆಗೆದ. ಸೆಟ್ಟು ಹಚ್ಚಿಟ್ಟುಕೊಂಡೇ, ಪೆನ್ಸಿಲಿನ ತುದಿಯಿಂದ ಒಂದೊಂದೇ ವಾಲ್ವನ್ನು ಮೆಲ್ಲಗೆ ತಟ್ಟುತ್ತ ಬಂದ. ಮೈಕಿನ ತಂತಿ ಬಂದು ಸೇರುವ ಕಡೆಯ ಸಣ್ಣ ವಾಲ್ವಿಗೆ ತಟ್ಟಿದಾಗ ಹಾರ್ನು ಗರಗರ ಅಂದಿತು. ಅದು ಕೂತಿದ್ದ ಕುಳಿಯ ಹಿತ್ತಾಳೆಯ ಹಿಡಿಕೆ ಸಡಿಲಾಗಿ ವಾಲ್ವಿನ ಕಾಲನ್ನು ಗಟ್ಟಿ ಹಿಡಿದಿರಲಿಲ್ಲ. ಕಲ್ಲಿನ ಮೇಲೆ ಅಲ್ಲಾಡದೆ ಕೂತರೆ ಸರಿಯೇ ಇರುತ್ತಿತ್ತು. ಉಸ್ತಾದನಿಗೆ ಅದು ಸಿಗದಿದ್ದದ್ದು ಅದಕ್ಕೇ. ಉಡಚಪ್ಪ ಸೆಟ್ಟು ಆರಿಸಿ, ವಾಲ್ವು ಕಿತ್ತು, ದಬ್ಬಣದ ತುದಿಯಿಂದ ಹಿಡಿಕೆಯನ್ನು ಒಳಕ್ಕೆ ಒತ್ತಿ ಬಿಗಿ ಮಾಡಿದ. ಸೈಕಲ್ಲಿನ ಹಳೆಯ ಟ್ಯೂಬು ಕತ್ತರಿಸಿ ಪೆಟ್ಟಿಗೆಯ ನಾಲ್ಕೂ ಕಾಲಿಗೆ ಸುತ್ತಿದ. ಮತ್ತೆ ಹಚ್ಚಿ ಹಲಗೆಯ ಮೇಲೆ ಮುಷ್ಟಿ ಬಡಿದ. ಹಾರ್ನು ಸುಮ್ಮನಿತ್ತು. ಕೈ ನೋಯುವ ತನಕ ಬಡಿದ. ಸುಮ್ಮನಿತ್ತು.

ಅಂದು ಸಂಜೆ ಪ್ರಭುಲಿಂಗಪ್ಪ ಬರುವನೋ ಇಲ್ಲವೋ ಎಂದು ಉಡಚಪ್ಪನಿಗೆ ಅನುಮಾನವಿತ್ತು. ಬಂದ. ಅಟ್ಟ ಹತ್ತುವಾಗ, ದೋಷ ಸಿಕ್ಕಿತೇ ಎಂದು ಮೆಲ್ಲಗೆ ಕೇಳಿದ. ಸಿಕ್ಕಿತು ಎಂದು ಇವನು ತಲೆ ಆಡಿಸಿದ. ಆಮೇಲೆ ಆ ದನಿ ಖರ್ಜಕ್ಕೆ ಇಳಿದು ಊರ ಮೇಲೆ, ಗುಡ್ಡದ ಬುಡದ ತನಕ ಹಾಸಿಕೊಂಡಿತು. ಹಿಂದೆಂದೂ ಅಷ್ಟು ಚೆನ್ನಾಗಿ ಕೇಳಿರಲಿಲ್ಲ ಎಂದು ಜನ ಅಂದರು. ಉಡಚಪ್ಪ ಕಲ್ಲುಕಟ್ಟೆಯ ಮೇಲೆ ಕೂತಿದ್ದ. ಆ ದನಿ ಅಷ್ಟು ತುಂಬಿ ಬರಲು ತನ್ನ ಕೈಯೇ ಕಾರಣ ಎಂದು ಅವನಿಗೆ ಹೆಮ್ಮೆಯಾಗಬೇಕಿತ್ತು. ಅವನೊಳಗಿನ ಕೆಂಡ ಮಾತ್ರ ಹಾಗೆಯೇ ಇತ್ತು. ದೋಷ ಹೋಯಿತು, ಉರಿ ಹೋಗಲಿಲ್ಲ.

ಸಣ್ಣವ್ವ ಅಂದು ಬಂದಿರಲಿಲ್ಲ. ಶ್ರಾವಣದ ಉಳಿದ ದಿನಗಳಲ್ಲೂ ಬರಲಿಲ್ಲ. ಮನೆಯಲ್ಲಿ ಬೇಕಾದಷ್ಟೇ ಮಾತು: ನೀರು ಕಾದಿದೆ, ರೊಟ್ಟಿ ಬುಟ್ಟಿಯಲ್ಲಿದೆ. ಕಾಳು ಹಸನು ಮಾಡಲು ಆ ಅಡತಿಗೆ ಹೋಗುವುದನ್ನೂ ಬಿಟ್ಟಳು. ಪೇಟೆಯ ಆಚೆ ತುದಿಯ ಬೇರೆ ಅಂಗಡಿ ಹಿಡಿದಳು. ಬಿಡು ಎಂದು ಉಡಚಪ್ಪ ಹೇಳಿರಲಿಲ್ಲ. ಮೊದಲಿದ್ದಲ್ಲೇ ಹೋಗು ಎಂದು ಎರಡು ಸಲ ಅಂದ. ಹಾಗನ್ನುವಾಗ ಅವನಿಗೆ ತನ್ನ ಮಾತು ತನಗೇ ನಿಜ ಅನಿಸಲಿಲ್ಲ, ಅವಳಿಗೂ ಅನಿಸಿರಲಿಕ್ಕಿಲ್ಲ. ಅವಳು ಹೋಗಲಿಲ್ಲ.

ಪುರಾಣ ಮುಗಿಯುವ ದಿನ ಮಠದಲ್ಲಿ ಊರಿಗೆಲ್ಲ ಪ್ರಸಾದ. ಅಂದು ಮಧ್ಯಾಹ್ನ ಉಡಚಪ್ಪ ಬಹಳ ಹೊತ್ತು ಅಂಗಳದಲ್ಲಿ ಬ್ಯಾಟರಿ ಒರೆಸುತ್ತ ಕೂತಿದ್ದು, ಒಳಗೆ ಬಂದು ಹೇಳಿದ.

“ಇವತ್ತರೆ ಬಾ. ನಾ ಕಟ್ಟಿ ಬಿಟ್ಟ ಏಳೂದಿಲ್ಲ.”

 ಸಂಜೆ ಅವನು ಮಠಕ್ಕೆ ಹೋದ ಮೇಲೆ ಸಣ್ಣವ್ವ, ಶರೀಫಾಬಿಯ ಮನೆಯ ಮುಂದೆ ನಿಂತು ಬಾಗಿಲು ನೋಡಿಕೊಳ್ಳಲು ಹೇಳಿ ಬಂದಳು. ಅವಳು ಒಳಗೆ ಬಂದದ್ದನ್ನು ಉಡಚಪ್ಪ ನೋಡಿದ, ಆಮೇಲೆ ಅವಳು ಕಂಬದ ಹಿಂದೆ ಮರೆಯಾದಳು. ಪ್ರಭುಲಿಂಗಪ್ಪ ಅಂದು ಎಲ್ಲ ದಿನಕ್ಕಿಂತ ಹೆಚ್ಚು ಹೊತ್ತು ಹಾಡಿದ. ಪ್ರತಿ ಸಲ ಅವನು ಖರ್ಜಕ್ಕೆ ಇಳಿದಾಗಲೂ ಉಡಚಪ್ಪನ ಕುತ್ತಿಗೆ ತಾನಾಗಿ ಬಲಕ್ಕೆ ಹೊರಳುತ್ತಿತ್ತು. ಅಲ್ಲಿ ಕಲ್ಲಿನ ಕಂಬ. ಪೆಟ್ಟಿಗೆಯ ಅಂಚನ್ನು ಎರಡೂ ಕೈಯಿಂದ ಹಿಡಿದು ಕೂತ. ಚೀಲ ಹೊತ್ತ ದಿನಗಳಲ್ಲಿ ಕೂಡ ಅವನಿಗೆ ಅಷ್ಟು ಬೆವರು ಬಂದಿರಲಿಲ್ಲ.

ಸಾಮಾನು ಗಾಡಿಗೆ ಹೇರಿ ಇಬ್ಬರೂ ಮನೆಯ ಕಡೆ ನಡೆದಾಗ, ಕೇಳಬಾರದು ಎಂದುಕೊಂಡವನು ಓಣಿಯ ತಿರುವಿನಲ್ಲಿ ಕೇಳಿಯೇ ಬಿಟ್ಟ, ಹಾಡು ಹೇಗಿತ್ತು ಎಂದು. ಸಣ್ಣವ್ವ, ತಾನು ಕೇಳಲೇ ಇಲ್ಲ ಅಂದಳು. ಬಂದ ಸ್ವಲ್ಪ ಹೊತ್ತಿಗೇ ಹುಗ್ಗಿ ಬಡಿಸಲು ಆಳು ಸಾಲದೆ ಹಿತ್ತಲಿಗೆ ಕರೆದೊಯ್ದರಂತೆ. ಹೊಗೆಯಲ್ಲಿ ಕಣ್ಣು ಹಾಳಾದವಂತೆ.

ಉಡಚಪ್ಪ ನಕ್ಕ. ಅಷ್ಟು ಹೊತ್ತು ಖಾಲಿ ಜಾಗವನ್ನು ನೋಡಬಾರದೆಂದು ತಾನು ಬೆವರಿದ್ದಕ್ಕೆ ನಕ್ಕ. ಅವಳು ಯಾಕೆಂದು ಕೇಳಿದಳು, ಅವನು ಹೇಳಿದ. ಎಷ್ಟೋ ದಿನಗಳ ಮೇಲೆ ಅವಳ ತುಟಿಯೂ ಸ್ವಲ್ಪ ಸಡಿಲಾಯಿತು. ಮನೆ ಮುಟ್ಟುವುದರೊಳಗೆ ಅವನಿಗೆ ಇನ್ನೊಂದು ಸಂಶಯ ಬಂತು. ತನ್ನ ಸಮಾಧಾನಕ್ಕೆ ಹಾಗಂದಳೇನೋ, ಹಿತ್ತಲಿನಲ್ಲಿ ನಿಂತೇ ಕೇಳಿದಳೇನೋ, ಹಾರ್ನಿನ ದನಿ ಅಲ್ಲಿಗೂ ಕೇಳುತ್ತದಲ್ಲ. ಕೇಳಬೇಕೆಂದು ಬಾಯಿ ತೆರೆದ. ಕೇಳಲಿಲ್ಲ. ಅವಳ ಸೆರಗಿಗೆ ಹೊಗೆಯ ವಾಸನೆಯಂತೂ ಇತ್ತು.

ಆಮೇಲಿನ ವರ್ಷಗಳಲ್ಲಿ ನಡೆದದ್ದು ಯಾರೂ ಎಣಿಸದ ಸಂಗತಿ. ಪ್ರಭುಲಿಂಗಪ್ಪನಿಗೆ ಬೇರೆ ಸೆಟ್ಟಿನ ಮೇಲೆ ಹಾಡು ಹತ್ತುತ್ತಿರಲಿಲ್ಲ. ಗದಗಿನ ಸೆಟ್ಟುಗಳು ಬಂದವು, ಕರೆಂಟು ಬಂತು. ಆದರೂ ತನ್ನ ಖರ್ಜ ಉಡಚಪ್ಪನ ಪೆಟ್ಟಿಗೆಯಿಂದ ಬಂದಂತೆ ಬೇರೆಯದರಿಂದ ಬರುವುದಿಲ್ಲ ಎನ್ನುತ್ತಿದ್ದ. ರೋಣದಲ್ಲಿ, ಗಜೇಂದ್ರಗಡದಲ್ಲಿ, ಯಾವಗಲ್ಲಿನಲ್ಲಿ ಎಲ್ಲಿ ಕರೆದರೂ ಇವನಿದ್ದರೆ ಬರುತ್ತೇನೆ ಎಂದೇ ಹೇಳಿ ಕಳಿಸುತ್ತಿದ್ದ. ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುವರು, ಒಂದೇ ಬಸ್ಸಿನಲ್ಲಿ ಬರುವರು. ಆ ಮಧ್ಯಾಹ್ನದ ಮಾತನ್ನು ಒಬ್ಬರೂ ಎತ್ತಲಿಲ್ಲ. ಹಾಡುವ ಮೊದಲು ಉಡಚಪ್ಪ ಅಟ್ಟದ ಹಲಗೆಗಳನ್ನು ಮುಷ್ಟಿಯಿಂದ ಬಡಿದು ನೋಡುವನು. ಪ್ರಭುಲಿಂಗಪ್ಪ ಅವನು ಮುಗಿಸುವ ತನಕ ಕಾಯುವನು. ಜನ ಇವರಿಬ್ಬರನ್ನೂ ಗೆಳೆಯರೆಂದರು. ಗೆಳೆತನವೇ ಇದ್ದೀತು, ಆದರೆ ಉಡಚಪ್ಪನೊಳಗಿನ ಆ ಕೆಂಡದ ಮೇಲೆ ಬೂದಿ ಬಿತ್ತೇ ಹೊರತು ಅದು ಆರಲಿಲ್ಲ.

ಸಣ್ಣವ್ವ ಮಾತು ಕಡಿಮೆಯವಳಾಗಿಯೇ ಉಳಿದಳು. ಗಂಡ ಊರಿಂದ ಊರಿಗೆ ಹೋಗಿ ಬಂದಾಗ ಸುದ್ದಿ ಹೇಳುವುದು, ಅವಳು ಹೂಂ ಅನ್ನುವುದು ಮತ್ತೆ ಶುರುವಾಯಿತು. ಅಪರೂಪಕ್ಕೆ ಒಂದು ದಿನ ಅವಳೇ ಕೇಳುತ್ತಿದ್ದಳು, ತಟ್ಟೆಗೆ ಪಲ್ಯ ಹಾಕುತ್ತ, ಏನೂ ವಿಶೇಷವಿಲ್ಲದ ಹಾಗೆ.

“ಸಾವಕಾರ್ರು ಹ್ಯಾಂಗ ಹಾಡಿದ್ರು?”

“ಚಲೋ ಹಾಡಿದ್ರು,” ಅನ್ನುತ್ತಿದ್ದ ಉಡಚಪ್ಪ. ಅದು ಸುಳ್ಳಲ್ಲ. ಅಷ್ಟನ್ನು ಹೇಳಿ, ಅವಳ ಮುಖ ನೋಡದೆ, ರೊಟ್ಟಿ ಮುರಿಯುತ್ತಿದ್ದ.